ಕಂಬದ ಮುಂದೆ ನಿಂತವಳು ದೆವ್ವವೇ?

ಪ್ರಶ್ನೆ: ನಮ್ಮದು ಗದಗ-ಬೆಟಗೇರಿ. ಹಳೇ ಮನೆಯ ಅಟ್ಟ ಖಾಲಿ ಮಾಡುವಾಗ ಅಜ್ಜನ ಮದುವೆಯ ಗ್ರೂಪ್ ಫೋಟೊ ಸಿಕ್ಕಿತು. ಹಿಂದೆ 1931 ಎಂದು ಬರೆದಿದೆ. ಪಡಸಾಲೆಯ ಕಂಬದ ಮುಂದೆ ಒಬ್ಬ ಹೆಂಗಸು ನಿಂತಿದ್ದಾಳೆ, ಅವಳ ಮೈಯೊಳಗಿಂದ ಕಂಬ ಕಾಣುತ್ತದೆ! ಮದುವೆಗೆ ಮೊದಲೇ ತೀರಿಕೊಂಡ ದೊಡ್ಡಾಯಿ ಅದು ಅಂತಾರೆ ಕಾಕಾ. ಯಾರೋ ಮಾಡಿದ ನಕಲಿ ಅಂತಾನೆ ತಮ್ಮ. ಸ್ಕ್ಯಾನ್ ಕಳಿಸಿದ್ದೇನೆ.

ಉತ್ತರ: ನನಗೆ ಕಂಡಂತೆ ಇಬ್ಬರ ಮಾತೂ ಸರಿಯಲ್ಲ. ಇದರಲ್ಲಿ ದೆವ್ವವೂ ಇಲ್ಲ, ಮೋಸವೂ ಇಲ್ಲ.

ಸೀರೆಯ ಅಂಚನ್ನು ದೊಡ್ಡದು ಮಾಡಿ ನೋಡಿ. ಬಾಗಿಲ ಕಡೆಗೆ ಹೊಗೆಯ ಹಾಗೆ ಎಳೆದುಕೊಂಡಿದೆ. ಆಗ ಫಿಲ್ಮಿನ ಬದಲು ಕ್ಯಾಮೆರಾದೊಳಗೆ ಇಡುತ್ತಿದ್ದ ಗಾಜಿನ ಪ್ಲೇಟಿಗೆ ನೆರಳಿನ ಪಡಸಾಲೆಯ ಬೆಳಕು ಸಾಲದು. ಫೋಟೊದವರು ಲೆನ್ಸಿನ ಮುಚ್ಚಳ ತೆಗೆದು, ಒಂದು, ಎರಡು, ಮೂರು ಎಂದು ಎಣಿಸಿ ಮತ್ತೆ ಮುಚ್ಚುತ್ತಿದ್ದರು. ಕದಲದೆ ನಿಂತವರು ಗಟ್ಟಿಯಾಗಿ ಮೂಡಿದರು. ಈಕೆ ಎಣಿಕೆಯ ನಡುವೆ ಹೊರಟುಬಿಟ್ಟಳು. ಉಳಿದ ಹೊತ್ತು ಅವಳ ಜಾಗದಲ್ಲಿ ಕಂಬ ಮೂಡಿತು.

ಒಂದೇ ಪ್ಲೇಟಿನ ಮೇಲೆ ಎರಡು ಸಲ ತೆಗೆದಿದ್ದರೆ? ಆಗ ಬೇರೆ ಜಾಗದ ಗೋಡೆಯೋ ಗಿಡವೋ ಜೊತೆಗೆ ಇಣುಕುತ್ತಿತ್ತು, ಬೆಳಕು ಬೇರೆ ಕಡೆಯಿಂದ ಬೀಳುತ್ತಿತ್ತು. ಇಲ್ಲಿ ಎಲ್ಲರ ಮುಖಕ್ಕೂ, ಈಕೆಗೂ, ಬೆಳಕು ಅಂಗಳದ ಕಡೆಯಿಂದಲೇ ಇದೆ. ಅಟ್ಟದಲ್ಲಿ ಗಾಜಿನ ಪ್ಲೇಟು ಇದ್ದರೆ ಹುಡುಕಿ. ಅದರಲ್ಲೂ ಈಕೆ ಇದ್ದರೆ, ಆಮೇಲೆ ಪ್ರಿಂಟು ಹಾಕುವಾಗ ಸೇರಿಸಿದ್ದಲ್ಲ ಅಂತಾಯ್ತು.

ಬೇಕೆಂದೇ ಮೋಸ ಮಾಡಿದವರು ಇರಲಿಲ್ಲ ಅಂತಲ್ಲ. ಅಮೆರಿಕದ ವಿಲಿಯಂ ಮಮ್ಲರ್ ಸತ್ತವರ ನೆರಳು ತೋರಿಸಿಯೇ ದುಡ್ಡು ಮಾಡಿದ. 1869ರಲ್ಲಿ ನ್ಯೂಯಾರ್ಕಿನಲ್ಲಿ ಕೇಸಾಯಿತು, ಸಾಕ್ಷಿ ಸಾಲದೆ ಬಿಡುಗಡೆಯೂ ಆಯಿತು. ಆಮೇಲೆ ಲಿಂಕನ್ ಅವರ ಹೆಂಡತಿಯೂ ಅವನ ಹತ್ತಿರ ಫೋಟೊ ತೆಗೆಸಿಕೊಂಡರು. ಹಿಂದೆ ನಿಂತದ್ದು, ಮತ್ತ್ಯಾರು, ಲಿಂಕನ್! ಆದರೆ ಅಂಥವರು ಸತ್ತವರನ್ನು ಗಿರಾಕಿಯ ಹೆಗಲ ಹಿಂದೆಯೇ ನಿಲ್ಲಿಸುತ್ತಿದ್ದರು. ನಿಮ್ಮ ಫೋಟೊದಲ್ಲಿದ್ದಂತೆ ಮೂಲೆಯ ಕಂಬಕ್ಕೆ ನಿಲ್ಲಿಸಿದರೆ ದುಡ್ಡು ಕೊಡೋರು ಯಾರು?

ಇನ್ನು ಆ 1931. ನೋಟು ಪರೀಕ್ಷಿಸುವ ನೀಲಿ ಲೈಟನ್ನು ಕತ್ತಲಲ್ಲಿ ಫೋಟೊದ ಹಿಂಬದಿಗೆ ಹಿಡಿಯಿರಿ. ಕಾಗದ ಬೆಳ್ಳಗೆ ಹೊಳೆದರೆ ಅದು 1950ರ ಈಚೆಗಿನದು, ಏಕೆಂದರೆ ಆ ಹೊಳಪಿನ ರಾಸಾಯನಿಕವನ್ನು ಫೋಟೊ ಕಾಗದಕ್ಕೆ ಸೇರಿಸಿದ್ದೇ ಆಮೇಲೆ. ಹೊಳೆದರೂ ಗಾಬರಿ ಬೇಡ, ಹಳೆ ಚಿತ್ರದಿಂದ ಆಮೇಲೆ ಪ್ರಿಂಟು ಹಾಕಿಸಿರಬಹುದು. ಫ್ರೇಮಿನ ಗಾಜಿಗೆ ಅಂಟಿಕೊಂಡಿದ್ದರೆ ಮಾತ್ರ ಸುಮ್ನೆ ಕೀಳಬೇಡಿ.

ಅಂದಹಾಗೆ, ಆ ಬಾಗಿಲು ಎಲ್ಲಿಗೆ ಹೋಗುತ್ತದೆ ಎಂದು ಕಾಕಾನನ್ನು ಕೇಳಿ. ಅಡುಗೆಮನೆಗಾದರೆ, ಒಲೆಯ ಮೇಲೆ ಹಾಲು ಇಟ್ಟು ಬಂದಿದ್ದಳೇನೋ.