ಪ್ರತಿಕ್ರಿಯೆ: ಮಳೆಗಾಲದ ತುಂಗೆಯಲ್ಲಿ ಜೆಟ್ ಬೋಟ್

ಜೆಟ್ ಬೋಟಿನ ತಳದಲ್ಲಿ ಪ್ರೊಪೆಲ್ಲರ್ ಇಲ್ಲದಿರುವಾಗ, ಜುಲೈ ತಿಂಗಳಿನಲ್ಲಿ ತೀರ್ಥಹಳ್ಳಿಯಿಂದ ಮಂಡಗದ್ದೆಯವರೆಗೆ ತುಂಗೆಯ ಬಂಡೆಗಳ ನಡುವೆ ಅದನ್ನು ಓಡಿಸಲು ಅಡ್ಡಿಯೇನು ಎಂದು ಕೇಳಿದ್ದೀರಿ. ಅಡ್ಡಿ ಬಂಡೆಗಿಂತ ಹೆಚ್ಚಾಗಿ ನೀರಿನಲ್ಲಿಯೇ ಇದೆ.

ತಳದ ಜಾಲರಿಯ ಮೂಲಕ ಪಂಪು ಎಳೆದುಕೊಂಡ ನೀರು ಹಿಂಬದಿಯ ನಳಿಕೆಯಿಂದ ಚಿಮ್ಮುತ್ತದೆ. ಆ ಧಾರೆಯನ್ನು ಎಡಕ್ಕೋ ಬಲಕ್ಕೋ ಹೊರಳಿಸಿದಾಗ ದೋಣಿ ತಿರುಗುತ್ತದೆಯೇ ಹೊರತು ಅದಕ್ಕೆ ಬೇರೆ ಚುಕ್ಕಾಣಿಯಿಲ್ಲ. ಆದ್ದರಿಂದ ಹೆದರಿ ಎಂಜಿನ್ನಿನ ವೇಗ ತಗ್ಗಿಸಿದ ಕ್ಷಣವೇ ಹಿಡಿತವೂ ತಪ್ಪುತ್ತದೆ. ನೊರೆನೀರಿನಲ್ಲಿ ಗಾಳಿ ಬೆರೆತಿರುವುದರಿಂದ ಪಂಪು ಕಿರುಚುತ್ತ ಬರಿದೇ ತಿರುಗುವುದೂ ಉಂಟು. ಇನ್ನು ನಮ್ಮ ಹೊಳೆಗಳಲ್ಲಿ ಮಳೆ ಹಿಡಿದ ಮೇಲೆ ದರಗು, ಬಿದಿರು, ಅಡಿಕೆಸೋಗೆ ಎಲ್ಲವೂ ತೇಲಿಬರುತ್ತವೆ. ಒಂದೇ ಒಂದು ಸೋಗೆ ಜಾಲರಿಗೆ ಅಡ್ಡ ಕೂತರೆ ಸಾಕು.

ಪ್ರವಾಹದ ಎದುರು ಹತ್ತುವಾಗ ದಡದ ಲೆಕ್ಕದಲ್ಲಿ ದೋಣಿ ನಿಧಾನವಾಗಿದ್ದು, ದಾರಿ ಆಯ್ದುಕೊಳ್ಳಲು ಸಮಯ ಸಿಗುತ್ತದೆ. ನೀವು ಹೇಳಿದ ದಾರಿಯಾದರೋ ಇಳಿಯುವ ದಾರಿ. ಅಲ್ಲಿ ನೀರಿಗಿಂತ ವೇಗವಾಗಿಯೇ ಸಾಗಬೇಕು. ನ್ಯೂಜಿಲೆಂಡಿನ ಬಿಲ್ ಹ್ಯಾಮಿಲ್ಟನ್ 1950ರ ದಶಕದಲ್ಲಿ ಈ ದೋಣಿಯನ್ನು ರೂಪಿಸಿದ್ದು ತಮ್ಮ ನಾಡಿನ ಆಳವಿಲ್ಲದ, ಜಲ್ಲಿಕಲ್ಲಿನ ನದಿಗಳಿಗಾಗಿ. 1977ರಲ್ಲಿ ಎಡ್ಮಂಡ್ ಹಿಲರಿಯವರ ತಂಡ ಇಂಥ ಮೂರು ದೋಣಿಗಳಲ್ಲಿ ಗಂಗೆಯನ್ನು ಏರಿತಾದರೂ, ನಂದಪ್ರಯಾಗದ ಬಳಿಯ ಜಲಪಾತವೊಂದು ಅವರನ್ನೂ ತಡೆಯಿತು.

ಮಂಡಗದ್ದೆಯ ನಡುಗಡ್ಡೆಯಲ್ಲಿ ಬೆಳ್ಳಕ್ಕಿಗಳು ಗೂಡುಕಟ್ಟುವುದು ಮಳೆಗಾಲದಲ್ಲಿಯೇ ಆದ್ದರಿಂದ, ಅಲ್ಲಿ ಎಂಜಿನ್ನಿನ ಸದ್ದು ಬೇಡವೆಂಬುದು ನನ್ನ ಖಚಿತ ಅಭಿಪ್ರಾಯ. ಓಡಿಸಲೇಬೇಕೆಂದಿದ್ದರೆ ಮಳೆ ನಿಂತ ಮೇಲೆ, ಅನುಮತಿ ಪಡೆದು, ಲಿಂಗನಮಕ್ಕಿಯ ಹಿನ್ನೀರನ್ನು ಆರಿಸಿಕೊಳ್ಳಿ. ಅಲ್ಲಿಯೂ ಮುಳುಗಿದ ಮರಗಳ ಬೊಡ್ಡೆಗಳಿರುವುದರಿಂದ ಸ್ಥಳೀಯ ದೋಣಿಗಾರರೊಬ್ಬರನ್ನು ಜೊತೆಗೆ ಕರೆದೊಯ್ಯಿರಿ.