ಅಕ್ಕೋರೇ, ಇದು ನಿಜವಾ?

ಯಾವ ನಾಲ್ಕಂಕಿಯ ಸಂಖ್ಯೆ ಹಿಡಿದರೂ ಕೊನೆಗೆ 6174ಕ್ಕೇ ಬಂದು ನಿಲ್ಲುತ್ತದಂತೆ. ಇದೂ ವಾಟ್ಸಾಪ್ ಕಟ್ಟುಕಥೆಯಾ ಅಕ್ಕೋರೇ?
– ಓದುಗರು, ಶಿರಸಿ

ಅಲ್ಲ, ಅಪ್ಪಟ ನಿಜ. ನನ್ನ ಮಾತು ನಂಬುವುದೂ ಬೇಡ, ಪೆನ್ನು ಹಿಡಿದು ಮಾಡಿ ನೋಡಿ. ನಿಮ್ಮ ಪತ್ರ ಓದಿದ ದಿನ ನಾನು ಕುಮಟಾ ಬಸ್‌ ಸ್ಟ್ಯಾಂಡಿನಲ್ಲಿ ಕೂತಿದ್ದೆ. ಎದುರಿಗೆ ನಿಂತ ಸ್ಕೂಟರಿನ ನಂಬರು 2831. ಕಿರಾಣಿ ಚೀಟಿಯ ಹಿಂದೆ ಬರೆದುಕೊಂಡೆ. ಅಂಕಿಗಳನ್ನು ದೊಡ್ಡದರಿಂದ ಸಣ್ಣದಕ್ಕೆ ಜೋಡಿಸಿದರೆ 8321, ಸಣ್ಣದರಿಂದ ದೊಡ್ಡದಕ್ಕೆ 1238. ಕಳೆದರೆ 7083. ಮತ್ತೆ ಹಾಗೇ, 8730ರಲ್ಲಿ 0378 ಕಳೆದರೆ 8352. ಇನ್ನೊಮ್ಮೆ, 8532ರಲ್ಲಿ 2358 ಕಳೆದರೆ 6174. ಬಂತಲ್ವಾ? ಇನ್ನು ಎಷ್ಟು ಸಲ ಮಾಡಿದರೂ ಅದೇ. 7641ರಲ್ಲಿ 1467 ಕಳೆದರೂ 6174.

ಪಕ್ಕದಲ್ಲಿ ಖಾಲಿ ಮೀನು ಬುಟ್ಟಿ ಇಟ್ಟುಕೊಂಡು ಕೂತಿದ್ದ ಹೆಂಗಸು ಬಗ್ಗಿ ನೋಡಿ, "ಏನು ಲೆಕ್ಕ ಅಕ್ಕೋರೇ?" ಎಂದರು. ಹೇಳಿದೆ. ಅವರು ತಮ್ಮ ಮಗ ಹುಟ್ಟಿದ ಇಸವಿ ಕೊಟ್ಟರು, 1998. 9981ರಲ್ಲಿ 1899 ಹೋದರೆ 8082. 8820ರಲ್ಲಿ 0288 ಹೋದರೆ 8532. ಮುಂದಿನದ್ದಕ್ಕೆ ನಾನು ಬಾಯಿ ತೆರೆಯುವ ಮೊದಲೇ ಅವರು, "ಇದು ಆಗಲೇ ಬಂದಿತ್ತಲ್ಲ" ಎಂದು ಮೇಲಿನ ಸಾಲಿಗೆ ಬೆರಳಿಟ್ಟರು. ಎಷ್ಟು ಚುರುಕು ಕಣ್ಣು!

ಇದನ್ನು ಕಂಡುಹಿಡಿದವರು ಡಿ. ಆರ್. ಕಾಪ್ರೇಕರ್. ನಾಸಿಕ್ ಹತ್ತಿರದ ದೇವಳಾಲಿಯಲ್ಲಿ ಶಾಲಾ ಮಾಸ್ತರರಾಗಿದ್ದವರು. 1949ರಲ್ಲಿ ಇದನ್ನು ಗಣಿತದವರ ಮುಂದಿಟ್ಟರು. ನಾಲ್ಕೂ ಅಂಕಿ ಒಂದೇ ಆಗಿರಬಾರದು, 1111 ಹಿಡಿದರೆ ಸೊನ್ನೆ ಬರುತ್ತದೆ. ಮೊದಲಿಗೆ ಸೊನ್ನೆ ಬಂದರೆ ಬಿಡಬಾರದು. ಇಷ್ಟು ನೋಡಿಕೊಂಡರೆ ಜಾಸ್ತಿ ಅಂದರೆ ಏಳು ಸಲದೊಳಗೆ 6174 ಬಂದೇ ಬರುತ್ತದೆ.

ಕಾಗದವನ್ನು 42 ಸಲ ಮಡಚಿದರೆ ಚಂದ್ರನನ್ನು ಮುಟ್ಟುತ್ತದೆಯೇ?
– ಎಂಟನೇ ತರಗತಿ, ಅಂಕೋಲಾ

ಲೆಕ್ಕ ಸರಿ ಇದೆ ಪುಟ್ಟಾ. ಕಾಗದದ ದಪ್ಪ 0.1 ಮಿಲಿಮೀಟರ್ ಅಂತ ಹಿಡಿದು 42 ಸಲ ದುಪ್ಪಟ್ಟು ಮಾಡಿದರೆ ಸುಮಾರು 4,40,000 ಕಿಲೋಮೀಟರ್ ಆಗುತ್ತದೆ. ಚಂದ್ರ ಇರುವುದು ಸರಾಸರಿ 3,84,400 ಕಿಲೋಮೀಟರ್ ದೂರದಲ್ಲಿ. ಆದರೆ ಕೈಯಲ್ಲಿ ಮಡಚುತ್ತಾ ಹೋದರೆ ಏಳೆಂಟಕ್ಕೇ ಸಾಕಾಗುತ್ತದೆ. 2002ರಲ್ಲಿ ಅಮೆರಿಕದ ಬ್ರಿಟ್ನಿ ಗ್ಯಾಲಿವನ್ ಎಂಬ ಹುಡುಗಿ 12 ಸಲ ಮಡಚಿದಳು. ಅದಕ್ಕೆ ಅವಳಿಗೆ ಸುಮಾರು 1,200 ಮೀಟರ್ ಉದ್ದದ ಟಿಶ್ಯೂ ಕಾಗದದ ಸುರುಳಿ ಬೇಕಾಯಿತು.

ನಮ್ಮ ಕೈಗಾ ವಿಶ್ವದಾಖಲೆ ಮಾಡಿದ್ದು ಹೌದಾ, ಅಥವಾ ನಾವು ಸುಮ್ನೆ ಹೇಳಿಕೊಳ್ಳುವುದಾ?
– ಓದುಗರು, ಕಾರವಾರ

ಹೌದು, ಮಾಡಿದೆ. ಕೈಗಾ ಅಣುವಿದ್ಯುತ್ ಸ್ಥಾವರದ ಒಂದನೇ ಘಟಕ 2016ರ ಮೇ 13ರಿಂದ 2018ರ ಡಿಸೆಂಬರ್ 31ರವರೆಗೆ, ಒಟ್ಟು 962 ದಿನ, ಒಮ್ಮೆಯೂ ನಿಲ್ಲದೆ ಓಡಿತು. ಇಂಗ್ಲೆಂಡಿನ ಹೇಶಮ್ ಸ್ಥಾವರದ 940 ದಿನಗಳ ದಾಖಲೆ ಹೀಗೆ ಹಿಂದೆ ಬಿತ್ತು. ಆದರೆ 'ಈಗಲೂ ನಮ್ಮದೇ' ಎನ್ನುವುದು ತಪ್ಪು. 2020ರಲ್ಲಿ ಕೆನಡಾದ ಡಾರ್ಲಿಂಗ್ಟನ್ ಅದನ್ನು ದಾಟಿತು, 1,106 ದಿನದವರೆಗೆ ಹೋಯಿತು. ಕೈಗಾ, ಡಾರ್ಲಿಂಗ್ಟನ್ ಎರಡೂ ಭಾರಜಲದ ರಿಯಾಕ್ಟರುಗಳು. ಒಲೆ ಆರಿಸದೆಯೇ ಸೌದೆ ಒಟ್ಟಿದ ಹಾಗೆ, ಓಡುತ್ತಿರುವಾಗಲೇ ಇಂಧನ ಬದಲಿಸಬಹುದು.

ಕ್ವಿಜ್ ಪುಸ್ತಕದಲ್ಲೇ ಬೇಕಂತ ಸುಳ್ಳು ಹಾಕುತ್ತಾರೆ ಅಂದರು. ಯಾಕೆ ಹಾಕುತ್ತಾರೆ?
– ಓದುಗರು, ಹೊನ್ನಾವರ

ಕದಿಯುವವರನ್ನು ಹಿಡಿಯಲಿಕ್ಕೆ. ಅಮೆರಿಕದ ಫ್ರೆಡ್ ವರ್ತ್ ಎಂಬವರು ಇಂಥ ಚೂರುಪಾರು ವಿಷಯಗಳದ್ದೇ ಒಂದು ದಪ್ಪ ಪುಸ್ತಕ ಮಾಡಿದ್ದರು. ಟಿವಿಯ ಪತ್ತೇದಾರ ಕೊಲಂಬೊನ ಮೊದಲ ಹೆಸರು 'ಫಿಲಿಪ್' ಎಂದು ತಾವೇ ಹುಟ್ಟಿಸಿ ಅದರಲ್ಲಿ ಸೇರಿಸಿದರು. ಆಮೇಲೆ 'ಟ್ರಿವಿಯಲ್ ಪರ್ಸ್ಯೂಟ್' ಆಟದ ಕಾರ್ಡಿನಲ್ಲಿ ಅದೇ ಫಿಲಿಪ್ ಕಾಣಿಸಿಕೊಂಡ. ವರ್ತ್ 1984ರಲ್ಲಿ 30 ಕೋಟಿ ಡಾಲರ್ ಕೇಳಿ ದಾವೆ ಹೂಡಿದರು. ಆಟದವರು ಪುಸ್ತಕ ಬಳಸಿದ್ದನ್ನು ಒಪ್ಪಿಕೊಂಡರು. ಆದರೂ ವರ್ತ್ ಸೋತರು, ಯಾಕಂದರೆ ಬಿಡಿ ಸಂಗತಿಗಳ ಮೇಲೆ ಯಾರಿಗೂ ಹಕ್ಕಿಲ್ಲ. ನನಗೆ ಬೇಜಾರಾಗುವುದು ಬೇರೆ ಕಾರಣಕ್ಕೆ. ಕಳ್ಳನಿಗೆ ಇಟ್ಟ ಬಲೆ, ಸಿಕ್ಕಿಬಿದ್ದವರಲ್ಲಿ ನಂಬಿ ಓದಿದವರೇ ಜಾಸ್ತಿ ಇರಬೇಕು.

ಟಾಗೋರರು 'ಜನ ಗಣ ಮನ' ಬರೆದದ್ದು ಕಾರವಾರದ ಕಡಲತೀರದಲ್ಲಂತೆ. ಅದಕ್ಕೆ ಯುನೆಸ್ಕೋ ಜಗತ್ತಿನ ಅತ್ಯುತ್ತಮ ರಾಷ್ಟ್ರಗೀತೆ ಎಂಬ ಪ್ರಶಸ್ತಿಯನ್ನೂ ಕೊಟ್ಟಿದೆಯಂತೆ. ಹೌದೇ?
– ಓದುಗರು, ಗೋಕರ್ಣ

ಎರಡೂ ಅಲ್ಲ. ಟಾಗೋರರು ಕಾರವಾರಕ್ಕೆ ಬಂದದ್ದು ನಿಜ. ಅವರ ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಡ್ಜ್ ಆಗಿದ್ದರು. ಅದು 1883, ಟಾಗೋರರಿಗೆ 22 ವರ್ಷ. ಬೆಳದಿಂಗಳಲ್ಲಿ ಕಾಳಿ ನದಿಯಲ್ಲಿ ದೋಣಿಯಲ್ಲಿ ಹೋಗಿದ್ದನ್ನು ಅವರೇ ಬರೆದುಕೊಂಡಿದ್ದಾರೆ. ಇಲ್ಲಿ ಬರೆದದ್ದು 'ಪ್ರಕೃತಿರ ಪ್ರತಿಶೋಧ' ಎಂಬ ನಾಟಕ. 'ಜನ ಗಣ ಮನ'ವನ್ನು ಮೊದಲು ಹಾಡಿದ್ದು 1911ರ ಡಿಸೆಂಬರ್ 27ರಂದು, ಕೋಲ್ಕತ್ತದ ಕಾಂಗ್ರೆಸ್ ಅಧಿವೇಶನದಲ್ಲಿ.

ಯುನೆಸ್ಕೋ ಅಂಥ ಪ್ರಶಸ್ತಿ ಕೊಟ್ಟೇ ಇಲ್ಲ. ಈ ಸುಳ್ಳನ್ನು ನಾನೂ ಒಮ್ಮೆ ಮಕ್ಕಳ ಮುಂದೆ ಓದಿದ್ದೇನೆ. ನಮ್ಮ ಕಡೆಯ ಒಂದು ಶಾಲೆಯ ಕ್ವಿಜ್. ಕೈಯಲ್ಲಿ ಅಚ್ಚಾದ ಪ್ರಶ್ನೆಪಟ್ಟಿ. 'ಯುನೆಸ್ಕೋದ ಪ್ರಶಸ್ತಿ ಪಡೆದ ರಾಷ್ಟ್ರಗೀತೆ ಯಾವುದು?' ಎಂದು ಕೇಳಿದೆ. ಕಡೇ ಬೆಂಚಿನ ಹುಡುಗ ಎದ್ದು, "ಹಾಗೊಂದು ಪ್ರಶಸ್ತಿನೇ ಇಲ್ಲ ಅಕ್ಕೋರೇ" ಎಂದ. ಪಟ್ಟಿಯಲ್ಲಿ ಬೇರೆ ಉತ್ತರವಿತ್ತು. ತಪ್ಪು ಎಂದೆ. ಅವನ ತಂಡ ಐದೇ ಅಂಕದಿಂದ ಸೋತಿತು. ಮನೆಗೆ ಬಂದು ಹುಡುಕಿದಾಗ ಗೊತ್ತಾಯಿತು. ಮಾರನೇ ದಿನ ಹೋದರೆ, ಬೇರೆ ಊರಿನಿಂದ ಬಂದಿದ್ದ ತಂಡ ಹೊರಟುಹೋಗಿತ್ತು.

ಈ ಅಂಕಣ ನಿನ್ನ ಕಣ್ಣಿಗೆ ಬಿದ್ದರೆ ಒಂದು ಪತ್ರ ಹಾಕು ತಮಾ. ಆ ಹತ್ತು ಅಂಕ ನಿನ್ನದೇ.