ಪೀಚು ಮರಿಗೆ ಮೊದಲು ಕಾವು, ಆಮೇಲೆ ಹಾಲು

ಮಂಡ್ಯದ ಓದುಗರೊಬ್ಬರು ಬರೆದಿರುವ ಪತ್ರದ ಸಾರಾಂಶ ಹೀಗಿದೆ. ಅವರ ಮನೆಯ ಬಿಳಿ ಮೊಲ ಧನುರ್ಮಾಸದ ಮೊದಲ ವಾರದಲ್ಲಿ ಏಳು ಮರಿ ಹಾಕಿತು. ಆರು ಮರಿಗಳು ಒಂದೇ ಅಳತೆಗಿದ್ದವು. ಏಳನೆಯದು ಅವುಗಳ ಅರ್ಧದಷ್ಟೇ ಇತ್ತು. ತಾಯಿ ಹಗಲೆಲ್ಲ ಗೂಡಿನ ಕಡೆ ಸುಳಿಯದಿದ್ದುದನ್ನು ಕಂಡು, ಒಂಬತ್ತನೆಯ ತರಗತಿಯಲ್ಲಿ ಓದುತ್ತಿರುವ ಮಗಳು ಆ ಪೀಚು ಮರಿಯನ್ನು ಒಂದು ರಟ್ಟಿನ ಡಬ್ಬಿಯಲ್ಲಿ ಹತ್ತಿಯ ಮೇಲೆ ಮಲಗಿಸಿ, ನೀರು ಬೆರೆಸಿದ ಹಸುವಿನ ಹಾಲನ್ನು ಎರಡು ಗಂಟೆಗೊಮ್ಮೆ ಫಿಲ್ಲರಿನಿಂದ ಬಾಯಿಗೆ ಬಿಟ್ಟಳು. ನಾಲ್ಕನೆಯ ದಿನ ಬೆಳಿಗ್ಗೆ ಮರಿ ಸತ್ತಿತ್ತು. ಗಂಡು ಮೊಲವೂ ಜೊತೆಯಲ್ಲೇ ಇದ್ದುದರಿಂದ ತಾಯಿ ಮತ್ತೆ ಗಬ್ಬವಾಗಿದೆ ಎಂದು ಪಶುವೈದ್ಯರು ಹೊಟ್ಟೆ ಮುಟ್ಟಿ ನೋಡಿ ಹೇಳಿದ್ದಾರೆ. ‘ಮನುಷ್ಯರ ಕೈ ಸೋಕಿದ್ದಕ್ಕೇ ತಾಯಿ ಆ ಮರಿಯನ್ನು ಬಿಟ್ಟಿತು ಎಂದು ಮನೆಯ ಹಿರಿಯರು ಹೇಳುತ್ತಾರೆ. ಮಗಳು ಊಟ ಸರಿಯಾಗಿ ಮಾಡುತ್ತಿಲ್ಲ. ಇನ್ನೊಮ್ಮೆ ಅಂಥ ಮರಿ ಹುಟ್ಟಿದರೆ ಏನು ಮಾಡಬೇಕು?’ ಎಂಬುದು ಅವರ ಪ್ರಶ್ನೆ.

ಪ್ರಿಯ ಓದುಗರೆ,

ಮೊಲ ಗಬ್ಬ ಕಟ್ಟಿ ಸುಮಾರು 31 ದಿನಕ್ಕೆ ಈಯುತ್ತದೆ. ನೀವು ಕೊಟ್ಟಿರುವ ದಿನಗಳನ್ನು ಎಣಿಸಿದರೆ ಸಂಕ್ರಾಂತಿಯ ಆಸುಪಾಸಿನಲ್ಲೇ ಮತ್ತೊಂದು ಸೂಲು ಬರಬಹುದು. ಆದ್ದರಿಂದ ನಿಮ್ಮ ಪತ್ರವನ್ನು ಸರದಿಗೆ ಕಾಯಿಸದೆ ಈ ವಾರವೇ ಉತ್ತರಿಸುತ್ತಿದ್ದೇನೆ.

ಮೊದಲು ನಿಮ್ಮ ಮಗಳಿಗೆ ಹೇಳಬೇಕಾದ ಮಾತು. ಅವಳ ಕೈ ಸೋಕಿದ್ದಕ್ಕೆ ತಾಯಿ ಮರಿಯನ್ನು ಬಿಡಲಿಲ್ಲ. ಮನೆಯಲ್ಲೇ ಬೆಳೆದು ಮನೆಯವರ ವಾಸನೆಗೆ ಒಗ್ಗಿಹೋದ ಮೊಲ ಆ ವಾಸನೆಯನ್ನು ಹಗೆಯೆಂದು ತಿಳಿಯುವುದಿಲ್ಲ. ಅಷ್ಟೇ ಅಲ್ಲ, ತಾಯಿ ಮರಿಗಳನ್ನು ಬಿಟ್ಟೇ ಇರಲಿಲ್ಲ ಎನ್ನುವುದಕ್ಕೆ ಉಳಿದ ಆರು ಮರಿಗಳು ಇಂದು ಗುಂಡುಗುಂಡಾಗಿರುವುದೇ ಸಾಕ್ಷಿ. ನಾಯಿ, ಬೆಕ್ಕುಗಳಂತೆ ಮೊಲ ಮರಿಗಳ ಪಕ್ಕದಲ್ಲಿ ಮಲಗುವ ತಾಯಿಯಲ್ಲ. ದಿನಕ್ಕೆ ಒಮ್ಮೆ, ಅಪರೂಪಕ್ಕೆ ಎರಡು ಬಾರಿ, ಹೆಚ್ಚಾಗಿ ರಾತ್ರಿ ಅಥವಾ ಬೆಳಗಿನ ಜಾವದಲ್ಲಿ ಗೂಡಿಗೆ ಬಂದು, ಮೂರರಿಂದ ಐದು ನಿಮಿಷ ಮರಿಗಳ ಮೇಲೆ ನಿಂತು ಹಾಲೂಡಿಸಿ ಹೊರಟುಹೋಗುತ್ತದೆ. ಸಾಕುಮೊಲಗಳ ಮೂಲವಾದ ಯೂರೋಪಿನ ಕಾಡುಮೊಲ ಬಿಲದಲ್ಲಿ ಮರಿ ಹಾಕಿ, ಬಾಯಿಗೆ ಮಣ್ಣು ಮುಚ್ಚಿ, ನರಿಗೆ ತನ್ನ ಜಾಡು ಸಿಗದಿರಲೆಂದು ದೂರವೇ ಇರುತ್ತದೆ. ಮಂಡ್ಯದ ನಿಮ್ಮ ಹಿತ್ತಲಿನ ಮೊಲಕ್ಕೂ ಇಂದಿಗೂ ಇರುವುದು ಅದೇ ಬುದ್ಧಿ. ಹಗಲಿನಲ್ಲಿ ತಾಯಿ ದೂರವಿದ್ದುದನ್ನು ನೋಡಿ ಮರಿ ಅನಾಥವಾಯಿತೆಂದು ನೀವು ತಿಳಿದದ್ದು ಸಹಜವಾದ ತಪ್ಪುಗ್ರಹಿಕೆ, ಆದರೆ ಮುಂದಿನ ಎಡವಟ್ಟೆಲ್ಲ ಹುಟ್ಟಿದ್ದು ಅಲ್ಲಿಂದಲೇ.

ಆ ಐದು ನಿಮಿಷದಲ್ಲಿ ಗೂಡಿನೊಳಗೆ ನಡೆಯುವುದೇನು ಎಂಬುದನ್ನು ತಿಳಿದುಕೊಂಡರೆ ಪೀಚು ಮರಿಯ ಕಷ್ಟ ಅರ್ಥವಾಗುತ್ತದೆ. ಮರಿಗಳಿಗೆ ಆಗ ಕಣ್ಣಿಲ್ಲ, ಕಿವಿ ಕೇಳಿಸದು, ಮೈಮೇಲೆ ಕೂದಲಿಲ್ಲ. ಆದರೂ ತಾಯಿ ಬರುವ ಹೊತ್ತನ್ನು ಅವು ಮುಂಚಿತವಾಗಿಯೇ ಅರಿತು, ಹೊದ್ದಿರುವ ತುಪ್ಪಳವನ್ನು ಸರಿಸಿಕೊಂಡು ಮೇಲೆದ್ದು ಕಾಯುತ್ತವೆ. ತಾಯಿ ನಿಂತೊಡನೆ ಮೊಲೆತೊಟ್ಟಿನಿಂದ ಹೊಮ್ಮುವ ಒಂದು ವಾಸನೆಯ ಜಾಡು ಹಿಡಿದು ಕ್ಷಣಗಳಲ್ಲಿ ಬಾಯಿ ಹಾಕುತ್ತವೆ. ಹಂದಿಮರಿಗಳಂತೆ ಒಂದೊಂದು ಮರಿಗೆ ಒಂದೊಂದು ಮೊಲೆ ಎಂಬ ಕಟ್ಟಳೆ ಇಲ್ಲಿಲ್ಲ. ಒಂದನ್ನು ಬಿಟ್ಟು ಇನ್ನೊಂದಕ್ಕೆ ಹಾಯುತ್ತ, ಒಂದರ ತಲೆಯ ಮೇಲೊಂದು ಹತ್ತಿ ತಳ್ಳಾಡುತ್ತವೆ. ಈ ನೂಕಾಟದಲ್ಲಿ 55 ಗ್ರಾಂ ತೂಗುವ ಅಣ್ಣತಮ್ಮಂದಿರ ನಡುವೆ 28 ಗ್ರಾಮಿನ ಮರಿ ಎರಡು ಸಲ ಪಕ್ಕಕ್ಕೆ ಬಿದ್ದು ಮೇಲೇಳುವಷ್ಟರಲ್ಲಿ ತಾಯಿ ಎದ್ದು ಹೋಗಿರುತ್ತದೆ. ಒಮ್ಮೆ ತಪ್ಪಿದರೆ ಮುಂದಿನ ಹಾಲಿಗೆ 24 ಗಂಟೆ. ಎರಡು ದಿನ ಹೀಗಾದರೆ ಹೊಟ್ಟೆ ಒಳಸರಿದು, ಚರ್ಮ ಸುಕ್ಕುಗಟ್ಟಿ, ಮರಿ ತಣ್ಣಗಾಗತೊಡಗುತ್ತದೆ.

ತಣ್ಣಗಾಗುವುದೇ ಹಸಿವಿಗಿಂತ ಬೇಗ ಕೊಲ್ಲುವುದು. ಹುಟ್ಟಿದ ಮರಿಗೆ ಕಾವು ಬರುವುದು ಮೂರು ಕಡೆಯಿಂದ: ಹೆಗಲ ಭಾಗದಲ್ಲಿ ಹುಟ್ಟುವಾಗಲೇ ಇರುವ ಕಂದು ಕೊಬ್ಬನ್ನು ಉರಿಸಿ, ತಾಯಿ ತನ್ನ ಎದೆಯಿಂದ ಕಿತ್ತು ಹಾಸಿದ ತುಪ್ಪಳದಿಂದ, ಮತ್ತು ಒಂದರ ಮೈಗೊಂದು ಒತ್ತಿಕೊಂಡು ಮಲಗುವುದರಿಂದ. ಪೀಚು ಮರಿಗೆ ಆ ಕೊಬ್ಬು ಕಡಿಮೆ; ರಾಶಿಯಲ್ಲೂ ಅದಕ್ಕೆ ಸಿಗುವುದು ಅಂಚಿನ ಜಾಗ. ಅದನ್ನು ರಾಶಿಯಿಂದಲೇ ಬೇರ್ಪಡಿಸಿ, ಡಿಸೆಂಬರಿನಲ್ಲಿ 15-16 ಡಿಗ್ರಿಗೆ ಇಳಿಯುವ ಮಂಡ್ಯದ ರಾತ್ರಿಯಲ್ಲಿ ಒಂಟಿಯಾಗಿ ಮಲಗಿಸಿದಾಗ ಮೂರನೆಯ ದಾರಿಯೂ ಮುಚ್ಚಿತು. ಮಗಳಿಗೆ ಇದು ಗೊತ್ತಿರಲು ಸಾಧ್ಯವಿರಲಿಲ್ಲ. ರಾತ್ರಿ ಎರಡು ಗಂಟೆಗೊಮ್ಮೆ ಎದ್ದು ಹಾಲು ಹಾಕಿದ ಹುಡುಗಿಯಲ್ಲಿ ಅಕ್ಕರೆಗೇನೂ ಕೊರತೆಯಿರಲಿಲ್ಲ.

ಹಾಗಾದರೆ ಮುಂದಿನ ಸಲ ಏನು? ಮರಿ ಹಾಕಿದ ದಿನವೇ, ತಾಯಿಗೆ ಒಂದು ಹಿಡಿ ಗರಿಕೆ ಕೊಟ್ಟು ಅದು ತಿನ್ನುತ್ತಿರುವಾಗ, ಕೈಗೆ ಗೂಡಿನ ಹುಲ್ಲನ್ನು ಉಜ್ಜಿಕೊಂಡು ಮರಿಗಳನ್ನು ಎಣಿಸಿ, ಸತ್ತದ್ದಿದ್ದರೆ ತೆಗೆದು, ಒಂದೊಂದನ್ನೂ ತೂಗಿ. ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ ನ್ಯೂಜಿಲೆಂಡ್ ಬಿಳಿಯಂಥ ತಳಿಯಲ್ಲಿ ಮರಿ 50ರಿಂದ 60 ಗ್ರಾಂ ಇರುತ್ತದೆ. 35 ಗ್ರಾಮಿಗಿಂತ ಕಡಿಮೆ ಇದ್ದರೆ ಅದನ್ನು ಕಣ್ಣಿಟ್ಟು ನೋಡಿಕೊಳ್ಳಬೇಕು. ಅದರ ಕಿವಿಗೆ ಗುರುತಿನ ಮಸಿ ಹಚ್ಚಿ ರಾಶಿಯ ನಡುಮಧ್ಯದಲ್ಲಿ, ತುಪ್ಪಳದ ಕೆಳಗೆ ಇಡಿ. ಬೇರೆ ಡಬ್ಬಿ ಬೇಡವೇ ಬೇಡ.

ಮುಟ್ಟಿದಾಗ ಮರಿ ತಣ್ಣಗಿದ್ದರೆ ಮೊದಲು ಬಿಸಿ ಮಾಡಬೇಕು. ಆ ಸ್ಥಿತಿಯಲ್ಲಿ ತೊಟ್ಟು ಹಾಲನ್ನೂ ಕೊಡಬಾರದು. ತಣ್ಣನೆಯ ಮೈಯಲ್ಲಿ ಜೀರ್ಣಶಕ್ತಿ ನಿಂತಿರುತ್ತದೆ, ನುಂಗುವ ಶಕ್ತಿಯೂ ಇರುವುದಿಲ್ಲ. ಅಂಗೈಯಲ್ಲಿ ಮುಚ್ಚಿ ಎದೆಗೊತ್ತಿ ಹಿಡಿದುಕೊಳ್ಳುವುದು ಎಲ್ಲಕ್ಕಿಂತ ಸುರಕ್ಷಿತ ಉಪಾಯ. ಇಲ್ಲವಾದರೆ ಕೈಗೆ ಹಿತವೆನಿಸುವಷ್ಟು ಬಿಸಿನೀರು ತುಂಬಿದ ಬಾಟಲಿಗೆ ಎರಡು ಸುತ್ತು ಬಟ್ಟೆ ಸುತ್ತಿ ಪಕ್ಕದಲ್ಲಿಡಬಹುದು. ಅರ್ಧ ಗಂಟೆಯೋ ಒಂದು ಗಂಟೆಯೋ ಆಗಲಿ, ನಿಧಾನವಾಗಿ ಆಗಲಿ. ಸತ್ತಂತೆ ಬಿದ್ದಿದ್ದ ಮರಿ ಕಾವು ಸಿಕ್ಕಿದ ಮೇಲೆ ಬಾಯಿ ತೆರೆದದ್ದನ್ನು ನಾನೇ ಕಂಡಿದ್ದೇನೆ. ಆದ್ದರಿಂದ ಬಿಸಿ ಮಾಡಿ ನೋಡದೆ ಯಾವ ಮರಿಯನ್ನೂ ಸತ್ತಿತೆಂದು ಎಸೆಯಬೇಡಿ. ಗೂಡಿನ ಹೊರಗೆ ಬಿದ್ದಿರುವ ಮರಿಯನ್ನಂತೂ ಕೂಡಲೇ ಎತ್ತಿ ಒಳಗಿಡಿ. ಮೊಲೆಗೆ ಕಚ್ಚಿಕೊಂಡೇ ಹೊರಬಂದು ಬಿದ್ದ ಮರಿಯನ್ನು ಬೆಕ್ಕಿನಂತೆ ಬಾಯಲ್ಲಿ ಕಚ್ಚಿ ಮರಳಿ ಒಯ್ಯುವ ಅಭ್ಯಾಸ ಮೊಲಕ್ಕಿಲ್ಲ.

ಹಾಲಿನ ವಿಷಯ. ಪೀಚು ಮರಿಗೆ ಬೇಕಾಗಿರುವುದು ತಾಯಿಯ ಹಾಲೇ, ಆದರೆ ಅದಕ್ಕೆ ಪ್ರತ್ಯೇಕವಾದ ಒಂದು ಸರದಿ. ರಾತ್ರಿ ಗೂಡುಪೆಟ್ಟಿಗೆಯನ್ನು ಮರಿಗಳ ಸಮೇತ ಬೆಚ್ಚನೆಯ ಕೋಣೆಯಲ್ಲಿಟ್ಟುಕೊಂಡು, ಬೆಳಿಗ್ಗೆ ಒಂದೇ ಹೊತ್ತಿಗೆ ತಾಯಿಯನ್ನು ಒಬ್ಬರು ತೊಡೆಯ ಮೇಲೆ ದಪ್ಪ ಬಟ್ಟೆ ಹಾಸಿ ಕೂರಿಸಿಕೊಂಡು ತಲೆ ನೇವರಿಸುತ್ತಿರಲಿ. ಇನ್ನೊಬ್ಬರು ಪೀಚು ಮರಿಯನ್ನು ಹೊಟ್ಟೆಯ ಕೆಳಗೆ ಮೊಲೆತೊಟ್ಟಿನ ಹತ್ತಿರ ಹಿಡಿಯಲಿ. ಐದು ನಿಮಿಷ ಅದೊಂದೇ ಕುಡಿಯಲಿ. ಆಮೇಲೆ ತಾಯಿಯನ್ನು ಪೆಟ್ಟಿಗೆಗೆ ಬಿಟ್ಟರೆ ಉಳಿದವು ತಮ್ಮ ಪಾಲನ್ನು ತಾವೇ ನೋಡಿಕೊಳ್ಳುತ್ತವೆ. ಮೊದಲೆರಡು ದಿನ ತಾಯಿ ಕೊಸರಾಡಬಹುದು; ಬಲವಂತವಾಗಿ ಅದುಮಿ ಹಿಡಿದರೆ ಅದು ಒದ್ದು ತನ್ನ ಬೆನ್ನುಮೂಳೆಯನ್ನೇ ಮುರಿದುಕೊಳ್ಳುವ ಅಪಾಯವಿದೆ, ಆದ್ದರಿಂದ ಕೊಸರಿದರೆ ಬಿಟ್ಟು ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಪ್ರಯತ್ನಿಸಿ. ಕುಡಿದದ್ದಕ್ಕೆ ಗುರುತು ಮರಿಯ ಹೊಟ್ಟೆಯ ಮೇಲೇ ಕಾಣುತ್ತದೆ: ತೆಳುವಾದ ಚರ್ಮದ ಒಳಗೆ ಹಾಲು ಬೆಳ್ಳಗಿನ ಪಟ್ಟಿಯಾಗಿ ತೋರುತ್ತದೆ. ಕುಡಿಯುವ ಮುಂಚೆ ಮತ್ತು ಕುಡಿದ ಮೇಲೆ ತೂಗಿದರೆ ಎಷ್ಟು ಕುಡಿಯಿತೆಂಬುದೂ ಗ್ರಾಂ ಲೆಕ್ಕದಲ್ಲಿ ತಿಳಿಯುತ್ತದೆ. ಚೆನ್ನಾಗಿರುವ ಮರಿ ಸುಮಾರು ಒಂದು ವಾರಕ್ಕೆ ಹುಟ್ಟಿದ ತೂಕದ ಎರಡರಷ್ಟಾಗುತ್ತದೆ. ಪೀಚು ಮರಿ ಹಿಂದೆ ಬಿದ್ದರೂ ಚಿಂತೆಯಿಲ್ಲ, ದಿನದಿನಕ್ಕೆ ತೂಕ ಏರುತ್ತಿರಬೇಕು, ಅಷ್ಟೇ. ನಿಮ್ಮ ಪರಿಚಯದವರಲ್ಲಿ ಅದೇ ಎರಡು ಮೂರು ದಿನಗಳಲ್ಲಿ ಈದ, ಕಡಿಮೆ ಮರಿಗಳಿರುವ ಇನ್ನೊಂದು ಬಾಣಂತಿ ಮೊಲ ಇದ್ದರೆ ಅದರ ಗೂಡಿಗೆ ಸೇರಿಸುವುದೂ ಒಳ್ಳೆಯ ದಾರಿ; ಅದರ ತುಪ್ಪಳದಲ್ಲಿ ಸ್ವಲ್ಪ ಹೊತ್ತು ಹುದುಗಿಸಿಟ್ಟರೆ ಆ ತಾಯಿ ಸಾಮಾನ್ಯವಾಗಿ ಭೇದ ಎಣಿಸುವುದಿಲ್ಲ.

ಹಸುವಿನ ಹಾಲು ಏಕೆ ಆಗದು ಎಂಬುದನ್ನೂ ಹೇಳಬೇಕು. ಮೊಲದ ಹಾಲಿನಲ್ಲಿ ಕೊಬ್ಬು, ಪ್ರೋಟೀನು ಎರಡೂ ಶೇ 12ರ ಆಸುಪಾಸಿನಲ್ಲಿರುತ್ತವೆ, ಹಾಲುಸಕ್ಕರೆ ಶೇ 2ರಷ್ಟೂ ಇರುವುದಿಲ್ಲ. ಹಸುವಿನ ಹಾಲಿನಲ್ಲಿ ಕೊಬ್ಬು ಶೇ 4, ಪ್ರೋಟೀನು ಶೇ 3.3ರಷ್ಟು, ಹಾಲುಸಕ್ಕರೆ ಮಾತ್ರ ಶೇ 4.7. ಪೊಟ್ಟಣದ ಟೋನ್ಡ್ ಹಾಲಾದರೆ ಕೊಬ್ಬು ಶೇ 3ಕ್ಕೆ ಇಳಿಯುತ್ತದೆ. ಅದಕ್ಕೆ ನೀರನ್ನೂ ಬೆರೆಸಿದಾಗ ಮರಿಯ ಪುಟ್ಟ ಹೊಟ್ಟೆ ತುಂಬುತ್ತದೆ, ಮೈಗೆ ಏನೂ ಸೇರುವುದಿಲ್ಲ, ಮೇಲೆ ಭೇದಿ. ದಿನಕ್ಕೊಮ್ಮೆ ಗಟ್ಟಿ ಹಾಲು ಕುಡಿದು ನಿದ್ರಿಸಬೇಕಾದ ಜೀವವನ್ನು ಎರಡು ಗಂಟೆಗೊಮ್ಮೆ ಎಬ್ಬಿಸುವುದರಿಂದ ಕಾವೂ ಕಳೆದುಹೋಗುತ್ತದೆ.

ತಾಯಿ ಸತ್ತಾಗ, ಅಥವಾ ಕೆಚ್ಚಲು ಬಾವಿನಿಂದ ಮೊಲೆ ಗಟ್ಟಿಯಾಗಿ ಬಿಸಿಯೇರಿ ಹಾಲು ನಿಂತಾಗ ಮಾತ್ರ ಕೈಹಾಲು ಅನಿವಾರ್ಯ. ಆಗ ಬೆಕ್ಕಿನ ಮರಿಗಳಿಗೆಂದು ಸಾಕುಪ್ರಾಣಿಗಳ ಅಂಗಡಿಯಲ್ಲಿ ಸಿಗುವ ಹಾಲಿನ ಪುಡಿ ಉತ್ತಮ, ಅದು ಸಿಗುವವರೆಗೆ ನೀರು ಬೆರೆಸದ ಆಡಿನ ಹಾಲು. ಮೊದಲ ವಾರದಲ್ಲಿ ಸಾಧಾರಣ ಮರಿಗೆ ಒಮ್ಮೆಗೆ 2ರಿಂದ 2.5 ಮಿ.ಲೀ.ಯಂತೆ ದಿನಕ್ಕೆ ಎರಡು ಸಲ. ಪೀಚು ಮರಿಗೆ ಅದರ ಅರ್ಧದಿಂದ ಆರಂಭಿಸಿ. ಸೂಜಿಯಿಲ್ಲದ 1 ಮಿ.ಲೀ. ಸಿರಿಂಜಿನಿಂದ, ಮರಿಯನ್ನು ಹೊಟ್ಟೆ ಕೆಳಗಾಗಿ, ತಲೆ ತುಸು ಮೇಲೆತ್ತಿ ಹಿಡಿದು, ತುಟಿಯ ಅಂಚಿಗೆ ಹನಿಹನಿಯಾಗಿ ತಾಕಿಸಬೇಕು. ಅದು ನೆಕ್ಕಿಕೊಳ್ಳಬೇಕೇ ಹೊರತು ನಾವು ಒತ್ತಿ ತುಂಬಬಾರದು. ಈ ಮಾತನ್ನು ನಾನು ನೋವಿನಿಂದಲೇ ಕಲಿತೆ. ಮೈಸೂರಿನ ಸರಸ್ವತಿಪುರದ ಮನೆಯಲ್ಲಿದ್ದಾಗ ಒಂದು ಪುಟ್ಟ ಮರಿಯನ್ನು ಕೂಸಿನಂತೆ ಅಂಗಾತ ಮಲಗಿಸಿ ಹಾಲು ಹಾಕಿದೆ. ಮೂಗಿನಿಂದ ಹಾಲಿನ ಗುಳ್ಳೆ ಬಂತು, ಶ್ವಾಸಕೋಶಕ್ಕೆ ಹಾಲಿಳಿದು ಮರುದಿನ ಅದು ಉಸಿರಾಡಲಾಗದೆ ಸತ್ತಿತು. ಕೈಹಾಲಿನ ಮರಿಗೆ ಹಾಲಾದ ಮೇಲೆ ಒದ್ದೆ ಹತ್ತಿಯಿಂದ ಹೊಟ್ಟೆಯ ಕೆಳಭಾಗವನ್ನು ಮೃದುವಾಗಿ ಒರೆಸಿ ಉಚ್ಚೆ ಮಾಡಿಸುವುದನ್ನೂ ಮರೆಯಬಾರದು. ತಾಯಿಗೆ ಬಾವು ಬಂದಿದ್ದರೆ ಮನೆಯಲ್ಲಿರುವ ಅಮಾಕ್ಸಿಸಿಲಿನ್ ಮಾತ್ರೆಯನ್ನು ನುಂಗಿಸಬೇಡಿ. ಮೊಲದ ಕರುಳಿಗೆ ಅದು ವಿಷವಿದ್ದಂತೆ. ಪಶುವೈದ್ಯರಲ್ಲಿಗೇ ಒಯ್ಯಿರಿ.

ಈಗ ಈ ವಾರ ಮಾಡಬೇಕಾದದ್ದು. ಗಂಡನ್ನು ಇಂದೇ ಬೇರೆ ಗೂಡಿಗೆ ಹಾಕಿ. ಮೊಲ ಈದ ದಿನವೇ ಮತ್ತೆ ಗಬ್ಬ ಕಟ್ಟಬಲ್ಲದು. ಆರು ಮರಿಗಳಿಗೆ ಹಾಲೂಡಿಸುತ್ತಲೇ ಹೊಟ್ಟೆಯಲ್ಲೂ ಮರಿ ಬೆಳೆಸುವಾಗ ತಾಯಿಯ ಶಕ್ತಿ ಎರಡು ಕಡೆ ಹಂಚಿಹೋಗಿ, ಹೊಟ್ಟೆಯ ಮರಿಗಳು ಕುಗ್ಗುತ್ತವೆ. ಈ ಸಲವೂ ಪೀಚು ಮರಿ ಹುಟ್ಟಬಹುದೆಂದು ನಾನು ಭಾವಿಸುವುದು ಅದಕ್ಕೇ. ಈಗಿರುವ ಮರಿಗಳು ನಾಲ್ಕು ವಾರ ತುಂಬಿ ಹುಲ್ಲು ತಿನ್ನುತ್ತಿದ್ದರೆ, ತಾಯಿ ಈಯುವುದಕ್ಕೆ ಮೂರು ನಾಲ್ಕು ದಿನ ಮುಂಚೆ ಅವನ್ನು ಬೇರ್ಪಡಿಸಿ. ತಾಯಿಗೆ ಒಣಗಿದ ಗರಿಕೆ, ಕುದುರೆ ಮೆಂತೆ, ಬೇಕಾದಷ್ಟು ನೀರು ಸದಾ ಇರಲಿ. ಹಬ್ಬದ ಕಬ್ಬು, ಎಳ್ಳುಬೆಲ್ಲವನ್ನು ಅಕ್ಕರೆಯಿಂದಲೂ ಕೊಡಬೇಡಿ. 45 ಸೆಂ.ಮೀ. ಉದ್ದ, 30 ಸೆಂ.ಮೀ. ಅಗಲದ ಮರದ ಪೆಟ್ಟಿಗೆಗೆ ಒಣ ಭತ್ತದ ಹುಲ್ಲು ತುಂಬಿಡಿ, ತುಪ್ಪಳವನ್ನು ತಾಯಿಯೇ ಹಾಸಿಕೊಳ್ಳುತ್ತದೆ. ಹಾಸಿಗೆಗೆ ಹತ್ತಿ ಬೇಡ, ಅದರ ಎಳೆ ಮರಿಗಳ ಕಾಲಿಗೆ ಸುತ್ತಿಕೊಂಡು ಬಿಗಿಯುತ್ತದೆ. ಗೂಡಿನ ನಾಲ್ಕು ಕಾಲನ್ನೂ ನೀರಿನ ಬಟ್ಟಲಲ್ಲಿ ನಿಲ್ಲಿಸಿ: ನಮ್ಮ ಕಡೆ ಎಳೆ ಮರಿಗಳನ್ನು ಒಂದೇ ರಾತ್ರಿಯಲ್ಲಿ ಮುಗಿಸುವುದು ಕೆಂಪಿರುವೆ.

ಎಲ್ಲ ಪೀಚು ಮರಿಗಳೂ ಉಳಿಯುವುದಿಲ್ಲ. ಕುಳ್ಳ ತಳಿಗಳಲ್ಲಿ ತಂದೆತಾಯಿ ಇಬ್ಬರಿಂದಲೂ ಕುಳ್ಳತನದ ಜೀನು ಬಂದ ಮರಿ, ತಲೆ ಉಬ್ಬಿ, ಕಿವಿ ಸಣ್ಣದಾಗಿ, ಸೊಂಟ ಕಿರಿದಾಗಿ ಹುಟ್ಟಿ, ಏನು ಮಾಡಿದರೂ ಕೆಲವೇ ದಿನ ಬದುಕುತ್ತದೆ. ನಿಮ್ಮ ಮೊಲ ಆ ತಳಿಯದಲ್ಲವೆಂದು ನಿಮ್ಮ ವರ್ಣನೆಯಿಂದ ತೋರುತ್ತದೆ. ನಿಮ್ಮದರಂಥ ತಳಿಯಲ್ಲಿ ಬಸಿರ ಚೀಲದೊಳಗೆ ರಕ್ತ ಕಡಿಮೆ ಸಿಕ್ಕ ಜಾಗದಲ್ಲಿ ಬೆಳೆದದ್ದಷ್ಟೇ ಆ ಮರಿಯ ದೋಷ; ಮೊದಲ ಹತ್ತು ದಿನ ದಾಟಿಸಿದರೆ ಅದು ಬದುಕಿಕೊಳ್ಳುವ ಸಾಧ್ಯತೆ ಚೆನ್ನಾಗಿದೆ.

ಹತ್ತರಿಂದ ಹನ್ನೆರಡನೆಯ ದಿನಕ್ಕೆ ಕಣ್ಣು ತೆರೆಯುತ್ತದೆ. ಅಷ್ಟರಲ್ಲಿ ಮೈತುಂಬ ತುಪ್ಪಳ ಬಂದಿರುತ್ತದೆ, ನಿಮ್ಮ ಬೆಳಗಿನ ಸರದಿಯೂ ಸಾಕಾಗಿರುತ್ತದೆ. ಮೂರನೆಯ ವಾರ ಪೆಟ್ಟಿಗೆಯಿಂದ ಹೊರಗೆ ಬಂದು ತಾಯಿಯ ಹುಲ್ಲಿಗೆ ಬಾಯಿ ಹಾಕುವಾಗಲೂ ಅದು ಉಳಿದವುಗಳಿಗಿಂತ ಒಂದು ಹಿಡಿ ಚಿಕ್ಕದಾಗಿಯೇ ಇರಬಹುದು. ದೊಡ್ಡ ಮರಿಗಳನ್ನು ತೆಗೆದ ಮೇಲೂ ಅದನ್ನು ಇನ್ನೆರಡು ವಾರ ತಾಯಿಯ ಬಳಿಯಲ್ಲೇ ಬಿಡಿ. ಯಾರಿಗಾದರೂ ಕೊಡುವುದಿದ್ದರೆ ಎಂಟು ವಾರ ತುಂಬಿದ ಮೇಲೆ ಕೊಡಿ. ತೂಕ ಬರೆಯುವ ಪುಸ್ತಕವನ್ನು ಮಗಳ ಕೈಗೇ ಒಪ್ಪಿಸಿ, ಅವಳು ಬರೆದ ಅಂಕಿಗಳನ್ನು ನಮಗೂ ಕಳಿಸಲು ಹೇಳಿ. ಅದನ್ನು ನೋಡಲು ನಾನು ಕಾದಿರುತ್ತೇನೆ.

— ಸಂಪಾದಕ